ಸಾಕ್ಷಿಯ ನೆನಪು

ಪ್ರಮಾಣಮಾಡಿ ನುಡಿಯುವ ಪ್ರಾಮಾಣಿಕ ಸಾಕ್ಷಿಯೂ ತಪ್ಪು ಹೇಳಬಹುದೆ? ಹೇಳಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರು 1974ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಲನಚಿತ್ರ ತೋರಿಸಿ, 'ಡಿಕ್ಕಿಯಾದಾಗ' ವೇಗವೆಷ್ಟಿತ್ತೆಂದು 50 ಮಂದಿಯನ್ನು ಕೇಳಿದರು. ಬೇರೆ 50 ಮಂದಿಗೆ ಕೇಳಿದ್ದು, 'ಅಪ್ಪಳಿಸಿದಾಗ' ಎಷ್ಟಿತ್ತೆಂದು. ವಾರ ಕಳೆದು, ಒಡೆದ ಗಾಜು ಕಂಡಿರಾ ಎಂದರೆ, ಮೊದಲ ಗುಂಪಿನಲ್ಲಿ 7 ಮಂದಿ, ಎರಡನೆಯದರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಗಾಜಿನ ಚೂರೇ ಇರಲಿಲ್ಲ!

ಉತ್ತರವನ್ನು ಸೂಚಿಸುವಂಥ ಪ್ರಶ್ನೆಗೆ ನಮ್ಮ ಕಾನೂನು ಮುಖ್ಯ ವಿಚಾರಣೆಯಲ್ಲಿ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ, ಪಾಟೀಸವಾಲಿನಲ್ಲಿ ಕೊಡುತ್ತದೆ. ಆದರೆ ಕಟಕಟೆ ಹತ್ತುವ ಎಷ್ಟೋ ಮೊದಲೇ ಸಾಕ್ಷಿಯನ್ನು ನೆರೆಹೊರೆಯವರು, ಪೊಲೀಸರು ಕೇಳಿರುತ್ತಾರೆ. ಅಂಗಿ ಯಾವ ಬಣ್ಣದ್ದೆಂದು ಕೇಳಿದರೋ, ಕೆಂಪಲ್ಲವೆ ಎಂದರೋ? ಪಾಟೀಸವಾಲಿಗೆ ನಿಂತ ವಕೀಲರು ಮೊದಲು ವಿಚಾರಿಸಬೇಕಾದದ್ದು ಇದನ್ನೇ.