ಇಂಟರ್‌ನೆಟ್ ನಿಧಾನವೇ? ಮೊದಲು ತಪ್ಪು ಎಲ್ಲಿದೆ ನೋಡಿ



ಕೊಂಢವಾ, ಎನ್‌ಐಬಿಎಂ ರಸ್ತೆ, ಉಂಡ್ರಿ ಕಡೆಯ ಸೊಸೈಟಿಗಳಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಇಂಟರ್‌ನೆಟ್ ಈಗ ನೀರು, ಕರೆಂಟಿನ ಸಾಲಿಗೆ ಸೇರಿದೆ. 2020ರ ಲಾಕ್‌ಡೌನಿನಲ್ಲಿ ಆಫೀಸು ಮನೆಯೊಳಗೆ ಬಂತು, ಮಕ್ಕಳ ಪಾಠವೂ ಬಂತು. ಗದಗಿನಲ್ಲೋ ವಿಜಯಪುರದಲ್ಲೋ ಇರುವ ಅಪ್ಪ-ಅಮ್ಮನ ಮುಖ ನೋಡುವುದೂ ಅದರಲ್ಲೇ. ಮೀಟಿಂಗಿನ ನಡುವೆ ಮಾತು ತುಂಡಾದಾಗ, ಅಮ್ಮನ ಮುಖ ಪರದೆಯ ಮೇಲೆ ಕಲ್ಲಿನಂತೆ ನಿಂತಾಗ ನಾವು ಮಾಡುವುದೇನು? ಸಿಟ್ಟಿನಲ್ಲಿ ಇನ್ನೂ ದೊಡ್ಡ ಪ್ಲಾನ್ ತೆಗೆದುಕೊಳ್ಳುತ್ತೇವೆ. ಬಿಲ್ಲು ಏರುತ್ತದೆ, ವೇಗ ಮಾತ್ರ ಇದ್ದಲ್ಲೇ ಇರುತ್ತದೆ. ಏಕೆಂದರೆ ಎಷ್ಟೋ ಸಲ ತೊಂದರೆ ಕಂಪನಿಯ ಲೈನಿನಲ್ಲಿ ಇರುವುದೇ ಇಲ್ಲ, ನಮ್ಮ ಮನೆಯ ರೂಟರಿನಿಂದ ಈಚೆಗೆ ಇರುತ್ತದೆ.

ಮೊದಲು ಒಂದು ಲೆಕ್ಕ. ನಿಮ್ಮ ಪ್ಲಾನ್ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಫೈಲ್ ಇಳಿಸಿಕೊಳ್ಳುವಾಗ ಕಂಪ್ಯೂಟರ್ ತೋರಿಸುವುದು ಹೆಚ್ಚಾಗಿ ಮೆಗಾಬೈಟಿನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ ಅಲ್ಲಿ 12 ಕಂಡರೆ ಅದು ಮೋಸವಲ್ಲ, ಸರಿಯಾದ ಲೆಕ್ಕವೇ.

ಈಗ ಪರೀಕ್ಷೆ. ಮನೆಯ ಉಳಿದ ಫೋನು, ಟಿವಿಗಳ ವೈ-ಫೈ ಆಫ್ ಮಾಡಿ. ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರವಾಗಿ ರೂಟರಿಗೆ ಜೋಡಿಸಿ, ಅದರ ವೈ-ಫೈಯನ್ನೂ ಆಫ್ ಮಾಡಿ ಸ್ಪೀಡ್ ಟೆಸ್ಟ್ ನಡೆಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ನೋಡಿ ಚೀಟಿಯಲ್ಲಿ ಬರೆದಿಡಿ. ವೈರಿನಲ್ಲಿ ಪೂರ್ತಿ ವೇಗ ಬಂದರೆ ಕಂಪನಿ ತನ್ನ ಕೆಲಸ ಮಾಡಿದೆ, ತೊಂದರೆ ಮನೆಯ ವೈ-ಫೈಯಲ್ಲಿ. ವೈರಿನಲ್ಲೂ ನಿಧಾನವಿದ್ದು, ರೂಟರ್ ಬೇರೆ, ಕಂಪನಿಯ ಪೆಟ್ಟಿಗೆ ಬೇರೆ ಇದ್ದರೆ, ರೂಟರ್ ಬಿಟ್ಟು ಆ ಪೆಟ್ಟಿಗೆಗೇ ಜೋಡಿಸಿ ನೋಡಿ. ಕೆಲವು ಕಡೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಅಲ್ಲಿ ವೇಗ ಬಂದರೆ ತಪ್ಪು ರೂಟರಿನದು ಅಥವಾ ನಡುವಿನ ವೈರಿನದು.

ಇಲ್ಲೊಂದು ಗುರುತು ಇದೆ. ಪ್ಲಾನ್ 200 ಇದ್ದು, ವೈರಿನಲ್ಲಿ ಎಷ್ಟು ಸಲ ನೋಡಿದರೂ 95ರ ಹತ್ತಿರವೇ ನಿಲ್ಲುತ್ತದೆಯೇ? ಹಾಗಿದ್ದರೆ ರೂಟರಿನ ಕಿಂಡಿಯೇ 100ರದು ಇರಬೇಕು, ಇಲ್ಲವೇ ವೈರು ಕೆಟ್ಟಿರಬೇಕು. ಗಿಗಾಬಿಟ್ ವೇಗಕ್ಕೆ ಲ್ಯಾನ್ ವೈರಿನ ಎಂಟೂ ಎಳೆ ಬೇಕು. ಒಂದು ತುಂಡಾದರೂ ವೇಗ 100ಕ್ಕೆ ಇಳಿಯಬಹುದು. ಹೊಸ ವೈರಿನಿಂದ ಸರಿಹೋಗುವುದಕ್ಕೆ ಹೊಸ ಪ್ಲಾನ್ ಏಕೆ?

ಇನ್ನು ವೈ-ಫೈ. ರೂಟರಿನಲ್ಲಿ ಸಾಮಾನ್ಯವಾಗಿ ಎರಡು ದಾರಿ: 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್. ಮೊದಲನೆಯದು ದೂರ ಹೋಗುತ್ತದೆ, ಆದರೆ ಅಲ್ಲಿ ಸಂತೆಯಷ್ಟು ಗದ್ದಲ. ಪಕ್ಕದ ಫ್ಲ್ಯಾಟುಗಳ ರೂಟರುಗಳು, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಎಲ್ಲವೂ ಅದೇ ದಾರಿಯಲ್ಲಿ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ರೂಟರಿನ ಸೆಟ್ಟಿಂಗಿನಲ್ಲಿ ಈ ಮೂರನ್ನೂ ಒಂದೊಂದಾಗಿ ಹಾಕಿ ನೋಡಬಹುದು. 5 ಗಿಗಾಹರ್ಟ್ಸ್ ವೇಗವಾದದ್ದು, ಗದ್ದಲ ಕಡಿಮೆ, ಆದರೆ ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಅದನ್ನು ರೂಟರ್ ಇರುವ ಕೋಣೆಯಲ್ಲಿ ಬಳಸಿ.

ರೂಟರ್ ಇಟ್ಟ ಜಾಗವನ್ನೂ ನೋಡಿ. ವೈರು ಒಳಗೆ ಬಂದಲ್ಲೇ, ಅಂದರೆ ಬಾಗಿಲ ಮೂಲೆಯಲ್ಲೋ ಟಿವಿಯ ಹಿಂದೋ ಅದನ್ನು ಕೂರಿಸಿ ಹೋಗಿರುತ್ತಾರೆ. ಕೆಲವರು ಅಂದ ಕೆಡುತ್ತದೆಂದು ಕಪಾಟಿನಲ್ಲಿ ಮುಚ್ಚಿಡುತ್ತಾರೆ. ಮನೆಯ ನಡುಭಾಗಕ್ಕೆ, ಎದೆಮಟ್ಟದ ಎತ್ತರದಲ್ಲಿ, ತೆರೆದ ಜಾಗಕ್ಕೆ ತನ್ನಿ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಅಡ್ಡ ಬಾರದಿರಲಿ. ದೂರದ ಕೋಣೆಗೂ ಬೇಕಾದರೆ ಅಲ್ಲಿಯವರೆಗೆ ವೈರು ಎಳೆದು ಇನ್ನೊಂದು ಪೆಟ್ಟಿಗೆ ಇಡುವುದು ಒಳ್ಳೆಯದು. ಗಾಳಿಯಲ್ಲೇ ಹಿಡಿದು ಗಾಳಿಯಲ್ಲೇ ಬಿಡುವ ಅಗ್ಗದ ರಿಪೀಟರಿನಲ್ಲಿ ವೇಗ ಅರ್ಧಕ್ಕೆ ಇಳಿಯುವುದುಂಟು.

ವೀಡಿಯೋ ಕಾಲ್ ಮಾತ್ರ ಕೆಡುತ್ತಿದ್ದರೆ ಅಪ್‌ಲೋಡ್ ಕಡೆ ಗಮನ ಕೊಡಿ. ಫೋನುಗಳು ಫೋಟೋ ಬ್ಯಾಕಪ್ ಮಾಡುತ್ತಿರಬಹುದು, ಬಾಗಿಲ ಕ್ಯಾಮೆರಾ ಸದಾ ಕಳಿಸುತ್ತಿರಬಹುದು. ರೂಟರಿಗೆ ಸೇರಿರುವ ಸಾಧನಗಳ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡರೆ ಪಾಸ್‌ವರ್ಡ್ ಬದಲಿಸಿ. ತಿಂಗಳ ಕೊನೆಗಷ್ಟೇ ನಿಧಾನವಾದರೆ ಪ್ಲಾನಿನ ಡೇಟಾ ಮಿತಿ ಮುಗಿದಿದೆಯೇ ನೋಡಿ.

ಇಷ್ಟೆಲ್ಲ ನೋಡಿಯೂ ಕಂಪನಿಯ ಪೆಟ್ಟಿಗೆಯಲ್ಲೇ ವೇಗ ಇಲ್ಲದಿದ್ದರೆ? ಆಗ ದೂರು ಕೊಡಿ. ಸರಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗ 2004ರಲ್ಲಿ 256 ಕೆಬಿಪಿಎಸ್, 2013ರಲ್ಲಿ 512, 2023ರಲ್ಲಿ 2 ಎಂಬಿಪಿಎಸ್. ಈ ಮಿತಿ ತೀರಾ ಚಿಕ್ಕದು. ನೀವು ಕೇಳಬೇಕಾದದ್ದು ನಿಮ್ಮ ಪ್ಲಾನಿನಲ್ಲಿ ಬರೆದ ವೇಗವನ್ನು. ಟ್ರಾಯ್‌ನ 2012ರ ನಿಯಮದಂತೆ ಪ್ರತಿ ದೂರಿಗೂ ಡಾಕೆಟ್ ನಂಬರ್ ಕೊಡಬೇಕು, ಅದನ್ನು ಕೇಳಿ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. "ನಿಮ್ಮ ವೈ-ಫೈ ಸರಿಯಿಲ್ಲ" ಎಂದು ಅವರು ಹೇಳಿದರೆ ಉತ್ತರ ನಿಮ್ಮ ಚೀಟಿಯಲ್ಲೇ ಇದೆ: ವೈರಿನಲ್ಲಿ ಅಳೆದದ್ದು, ಇಂಥ ದಿನ, ಇಂಥ ಹೊತ್ತು, ಇಷ್ಟು ವೇಗ.

ದೊಡ್ಡ ಪ್ಲಾನಿಗೆ ದುಡ್ಡು ಕಟ್ಟುವ ಮುನ್ನ ಒಂದು ವೈರು, ಒಂದು ಚೀಟಿ, ಹತ್ತು ನಿಮಿಷ. ಅಷ್ಟಾದ ಮೇಲೆ ಯಾರಿಗೆ ಹಣ ಕೊಡಬೇಕು, ಯಾರನ್ನು ಕೇಳಬೇಕು ಎಂಬುದು ನಿಮಗೇ ತಿಳಿಯುತ್ತದೆ.