ಮಗುವಿನ ಹಸಿವು ಸತ್ತರೆ

‘ಮಗು ಹಠ ಮಾಡ್ತದೆ, ಉಣ್ಣೋದೇ ಇಲ್ಲ’ ಅನ್ನುತ್ತೇವೆ. ಹಠ ಬೇರೆ, ಹಸಿವು ಸಾಯುವುದು ಬೇರೆ. 1902ರಲ್ಲಿ ಕೋಲಾರದ ಗಣಿಗೆ ವಿದ್ಯುತ್ ಕಳಿಸಿದ ನಮ್ಮ ಬ್ಲಫ್‌ನಲ್ಲಿ ನೀರು ತಗ್ಗಿದರೆ ಯಂತ್ರವೂ ತಗ್ಗಬೇಕು. ಹಾಗೆಯೇ ಬಹುಕಾಲ ಆಹಾರ ಸಾಲದ ಮೈಯೂ ತನ್ನ ಕೆಲಸ ತಗ್ಗಿಸುತ್ತದೆ. ಸೋಂಕು ಸೇರಿದರೆ ಹಸಿವೇ ಸಾಯುತ್ತದೆ.

6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಎರಡೂ ಪಾದ ಊದಿದ್ದರೆ ತಡಮಾಡದೆ ಆಸ್ಪತ್ರೆಗೆ ತೋರಿಸಿ. ಹಸಿವೂ ಇಲ್ಲವಾದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಅಲ್ಲಿ ಸೋಂಕಿಗೆ ಔಷಧಿ ಕೊಟ್ಟು, 2-3 ಗಂಟೆಗೊಮ್ಮೆ ಹಾಲಿನ ಆಹಾರ ಸ್ವಲ್ಪಸ್ವಲ್ಪವೇ ಉಣಿಸುತ್ತಾರೆ. ಒಮ್ಮೆಲೇ ತುರುಕಿದರೆ ಹೃದಯಕ್ಕೇ ಅಪಾಯ. ಹಸಿವು ಮರಳಿದರೆ ಮಗು ಚೇತರಿಸುತ್ತಿದೆ ಎಂದರ್ಥ.

ಡೇರಿಗೆ ಹಾಲು ಅಳೆಯುವ ಮುಂಚೆ ಮನೆಯ ಮಗುವಿನ ಲೋಟ ತುಂಬಲಿ.