ಸರಾಸರಿ ಬೆಲೆಗೆ ಮಾರಿದವರು ಯಾರು?

(ರಾಣೆಬೆನ್ನೂರಿನಲ್ಲಿ ಪದವಿ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)



ಸಂಶೋಧನಾ ವಿಧಾನ ಎಂದರೆ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ವಿಷಯ ಎಂದು ನಾನೂ ತಿಳಿದಿದ್ದೆ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಮಾಡಿದ್ದೂ ಅದನ್ನೇ. ಅದರ ಅರ್ಥ ತಿಳಿದದ್ದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ, ಅದೂ ನನ್ನದೇ ತಪ್ಪಿನಿಂದ.

ವರದಿಗಾರನಾದ ಹೊಸತರಲ್ಲಿ ಒಂದು ಸಂಜೆ ಮಾರುಕಟ್ಟೆಯ ಸರಾಸರಿ ಬೆಲೆಯನ್ನು ಹಿಂದಿನ ವಾರದ ಬೆಲೆಯ ಪಕ್ಕಕ್ಕಿಟ್ಟು ನೋಡಿದೆ. ಬಹಳ ಇಳಿದಿತ್ತು. 'ಮೆಣಸಿನಕಾಯಿ ದರ ಕುಸಿತ' ಎಂದು ಬರೆದು ಕಳಿಸಿದೆ. ಮುಂದಿನ ಸಂತೆಯ ದಿನ ವಯಸ್ಸಾದ ರೈತರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: "ಅಲ್ಲೋ ತಮ್ಮಾ, ದರಾ ಬಿತ್ತು ಅಂತ ಬರದೀಯಲ್ಲ, ನನ್ನ ಡಬ್ಬಿ ಕಾಯಿಗೆ ಹ್ವಾದ ವಾರದ ರೇಟೇ ಬಂದೈತಿ. ನಿನ್ನ ಸುದ್ದಿ ಓದಿ ನಮ್ಮೂರಾಗ ಒಬ್ಬಾಂವ ಹೆದರಿ, ಮನಿ ಬಾಗಲಕ ಬಂದ ವ್ಯಾಪಾರಸ್ಥಗ ಕಡಿಮಿಗೆ ಕೊಟ್ಟಾನ. ನೀ ಯಾರ ಮಾಲು ನೋಡಿ ಬರದಿ?"

ನಾನು ಯಾರ ಮಾಲನ್ನೂ ನೋಡಿರಲಿಲ್ಲ. ಎರಡು ಅಂಕಿಗಳನ್ನು ಮಾತ್ರ ನೋಡಿದ್ದೆ.

ಸಂಶೋಧನೆಯಲ್ಲಿ ಮಾಹಿತಿಯನ್ನು ಮೊದಲು ಎರಡಾಗಿ ವಿಂಗಡಿಸುತ್ತಾರೆ. ನಾವೇ ಹೋಗಿ ನೋಡಿ, ಕೇಳಿ, ಅಳೆದು ತಂದದ್ದು ಪ್ರಾಥಮಿಕ ಮಾಹಿತಿ. ಬೇರೆಯವರು ಬೇರೊಂದು ಕೆಲಸಕ್ಕಾಗಿ ಕಲೆಹಾಕಿದ್ದನ್ನು ನಾವು ಬಳಸಿಕೊಂಡರೆ ಅದು ದ್ವಿತೀಯಕ ಮಾಹಿತಿ. ನಾನು ಬಳಸಿದ ಸರಾಸರಿ ಎರಡನೆಯ ಬಗೆಯದು. ಅದರಲ್ಲಿ ತಪ್ಪಿರಲಿಲ್ಲ. ನಾನು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಅದರಲ್ಲಿರಲಿಲ್ಲ.

ಲೆಕ್ಕ ಮಾಡಿ ನೋಡೋಣ. ಇವು ಉದಾಹರಣೆಯ ಅಂಕಿಗಳು. ಒಂದು ದಿನ 100 ಕ್ವಿಂಟಲ್ ಮಾರಾಟವಾಯಿತು. ಅದರಲ್ಲಿ 80 ಕ್ವಿಂಟಲ್ ಒಳ್ಳೆಯ ಕಾಯಿ, ಕ್ವಿಂಟಲಿಗೆ 30,000 ರೂಪಾಯಿ; ಉಳಿದ 20 ಕ್ವಿಂಟಲ್ ಕಳಪೆ, ಬೆಲೆ 10,000. ಸರಾಸರಿ 26,000 ರೂಪಾಯಿ. ಮುಂದಿನ ವಾರ ಒಳ್ಳೆಯದು 40, ಕಳಪೆ 60 ಕ್ವಿಂಟಲ್ ಬಂತು. ಎರಡರ ಬೆಲೆಯೂ ಹಾಗೆಯೇ ಉಳಿಯಿತು. ಆದರೂ ಸರಾಸರಿ 18,000ಕ್ಕೆ ಇಳಿಯಿತು! ಯಾರ ಕಾಯಿಯ ಬೆಲೆಯೂ ಒಂದು ರೂಪಾಯಿ ಇಳಿದಿಲ್ಲ. ಆವಕದ ಬೆರಕೆ ಬದಲಾಗಿದೆ, ಅಷ್ಟೆ. ಆ 18,000 ರೂಪಾಯಿಗೆ ಮಾರಿದ ರೈತ ಒಬ್ಬನೂ ಇಲ್ಲ.

ಇನ್ನೊಂದು ವಿಂಗಡಣೆ, ಎಣಿಕೆಯ ಮಾಹಿತಿ ಮತ್ತು ಗುಣದ ಮಾಹಿತಿ. ಪಠ್ಯಪುಸ್ತಕಗಳು ಪರಿಮಾಣಾತ್ಮಕ, ಗುಣಾತ್ಮಕ ಎನ್ನುತ್ತವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಹೆಸರು ಖಾರಕ್ಕಿಂತ ಬಣ್ಣಕ್ಕೆ. ಖರೀದಿದಾರ ಕಾಯಿಯನ್ನು ಕೈಯಲ್ಲಿ ಹಿಡಿದು, ಸುಕ್ಕು ನೋಡಿ, ಒಣಗಿದೆಯೋ ಇಲ್ಲವೋ ಎಂದು ಹೇಳಿಬಿಡುತ್ತಾನೆ. ಪ್ರಯೋಗಾಲಯದಲ್ಲಿ ಅದೇ ಬಣ್ಣವನ್ನು ದ್ರಾವಕದಲ್ಲಿ ತೆಗೆದು, ಅದು ಎಷ್ಟು ಬೆಳಕನ್ನು ಹೀರುತ್ತದೆಂದು ಅಳೆದು, 'ಆಸ್ಟಾ' ಮಾನದಲ್ಲಿ ಅಂಕಿಯಾಗಿ ಕೊಡುತ್ತಾರೆ. ಅಂಕಿಯನ್ನು ದೂರದ ದೇಶದವನೂ ಹೋಲಿಸಿ ನೋಡಬಹುದು. ಆದರೆ ಖರೀದಿದಾರ ಒಂದು ಚೀಲವನ್ನು ಏಕೆ ಬೇಡವೆಂದ ಎಂಬುದು ಅವನನ್ನು ಕೇಳಿದಾಗಲೇ ತಿಳಿಯುತ್ತದೆ. 'ಎಷ್ಟು' ಎಂಬುದಕ್ಕೆ ಅಳತೆ ಬೇಕು, 'ಏಕೆ' ಎಂಬುದಕ್ಕೆ ಸಂದರ್ಶನ ಬೇಕು.

ಯಾರನ್ನು ಕೇಳಬೇಕು, ಎಲ್ಲಿ ಎಣಿಸಬೇಕು ಎಂಬುದು ಮುಂದಿನ ಪ್ರಶ್ನೆ. ಎಲ್ಲರನ್ನೂ ಕೇಳಲಾಗದಿದ್ದಾಗ ಕೆಲವರನ್ನು ಆರಿಸುವುದೇ ಮಾದರಿ ಆಯ್ಕೆ. ನಿಮ್ಮ ಊರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಘೋಷಣೆಯಾದ ಇದು 119 ಚದರ ಕಿಲೋಮೀಟರ್ ಹರಡಿದೆ. ಅಲ್ಲಿ ಬಯಲೂ ಇದೆ, ನೀಲಗಿರಿ ನೆಡುತೋಪೂ ಇದೆ. ಕೃಷ್ಣಮೃಗಗಳು ಬಯಲನ್ನು ಇಷ್ಟಪಡುವ ಪ್ರಾಣಿಗಳು. ರಸ್ತೆಯ ಬದಿಯ ಬಯಲಿನಲ್ಲಷ್ಟೇ ಎಣಿಸಿ, ಅದನ್ನೇ ಇಡೀ 119 ಚದರ ಕಿಲೋಮೀಟರಿಗೆ ಗುಣಿಸಿದರೆ ಕಾಡಿನಲ್ಲಿಲ್ಲದ ಜಿಂಕೆಗಳು ಕಾಗದದ ಮೇಲೆ ಹುಟ್ಟುತ್ತವೆ. ಎಪಿಎಂಸಿ ಗೇಟಿನ ಚಹದಂಗಡಿಯಲ್ಲಿ ಕೂತು ನಾಲ್ವರನ್ನು ಕೇಳಿ 'ರೈತರ ಅಭಿಪ್ರಾಯ' ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ಮನೆಯಲ್ಲಿ ಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಆ ಅಂಗಡಿಗೆ ಬರುವುದೇ ಇಲ್ಲ.

ಸರಕಾರಿ ಅಂಕಿಗಳಲ್ಲಿಯೂ ಎಚ್ಚರ ಬೇಕು. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ಇದನ್ನು 1991ರ ಗಣತಿಯೊಂದಿಗೆ ಹೋಲಿಸಲು ಹೊರಟ ವಿದ್ಯಾರ್ಥಿಗೆ ಆ ವರ್ಷದ ಪಟ್ಟಿಯಲ್ಲಿ ಹಾವೇರಿ ಜಿಲ್ಲೆಯೇ ಸಿಗುವುದಿಲ್ಲ. ಏಕೆಂದರೆ ಈ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅಂದಿನ ಏಳು ತಾಲ್ಲೂಕುಗಳ ಅಂಕಿಗಳನ್ನು ಒಂದೊಂದಾಗಿ ಕೂಡಿಸಬೇಕು. ಹೆಸರು ಒಂದೇ ಎಂದು ಹೋಲಿಸಿದರೆ ಸಾಲದು, ಗಡಿಯೂ ಒಂದೇ ಇರಬೇಕು.

ಇದೆಲ್ಲ ಪಾಂಡಿತ್ಯದ ಗೊಡವೆ ಎನಿಸಬಹುದು. 2024ರ ಮಾರ್ಚ್ 11ರ ಸೋಮವಾರವನ್ನು ನೆನಪಿಸಿಕೊಳ್ಳಿ. ಬೆಲೆ ಬಿದ್ದಿದೆ ಎಂದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದವು. ಆಂಧ್ರದ ಕಡೆಯಿಂದ ಮಾಲು ತಂದವರೂ ಅಲ್ಲಿದ್ದರು. ಆ ದಿನವನ್ನು ಅಭ್ಯಾಸ ಮಾಡುವವನಿಗೆ ಯಾವ ಬಗೆಯ ಕಾಯಿಗೆ ಎಷ್ಟು ಬೆಲೆ ಬಂತೆಂದು ಟೆಂಡರ್ ದಾಖಲೆ ಹೇಳೀತು. ರೈತ ಎಷ್ಟು ಸಾಲ ಮಾಡಿದ್ದ, ಲಾರಿ ಬಾಡಿಗೆ ಎಷ್ಟು ಕೊಟ್ಟಿದ್ದ, ಯಾವ ಬೆಲೆಯ ಆಸೆಯಿಂದ ಹೊರಟಿದ್ದ ಎಂಬುದನ್ನು ರೈತನೇ ಹೇಳಬೇಕು. ದಲಾಲರನ್ನೂ ಖರೀದಿದಾರರನ್ನೂ ಕೇಳಬೇಕು. ಒಂದನ್ನೇ ಹಿಡಿದು ಹೊರಟರೆ ಒಬ್ಬರಿಗೆ ಅನ್ಯಾಯವಾಗುತ್ತದೆ. ಸರಾಸರಿಯ ಲೆಕ್ಕ ತೋರಿಸಿ ರೈತನ ನಷ್ಟವನ್ನು ಅಲ್ಲಗಳೆಯುವುದೂ ಅಂಥದೇ ಅನ್ಯಾಯ.

ಈಗ ನಾನು ದರ ಬರೆಯುವಾಗ ಕಡ್ಡಿ, ಡಬ್ಬಿ, ಗುಂಟೂರು ಎಂದು ಬೇರೆ ಬೇರೆಯಾಗಿ ಬರೆಯುತ್ತೇನೆ. ಕನಿಷ್ಠ, ಗರಿಷ್ಠ ದರಗಳ ಜೊತೆಗೆ, ಹೆಚ್ಚಿನ ಮಾಲು ಮಾರಾಟವಾದ 'ಮಾದರಿ ದರ'ವನ್ನೂ ಆವಕವನ್ನೂ ಕೊಡುತ್ತೇನೆ. ನೀವು ಪ್ರಶ್ನಾವಳಿ ಹಿಡಿದು ಹಳ್ಳಿಗೆ ಹೋಗುವವರು. ಅಂಕಿ ಕೈಗೆ ಬಂದಾಗಲೆಲ್ಲ ಇದನ್ನು ಎಣಿಸಿದವರು ಯಾರು, ಯಾವಾಗ, ಎಲ್ಲಿ, ಏತಕ್ಕಾಗಿ ಎಂದು ಕೇಳಿಕೊಳ್ಳಿ. ಕಡಿಮೆ ಬೆಲೆಗೆ ಕಾಯಿ ಕೊಟ್ಟ ಆ ರೈತ ಯಾರೆಂದು ನನಗೆ ತಿಳಿಯಲಿಲ್ಲ. ಅವನಿಗಾದ ನಷ್ಟವನ್ನು ಯಾವ ತಿದ್ದುಪಡಿಯಿಂದಲೂ ತುಂಬಿಕೊಡಲು ನನ್ನಿಂದಾಗಲಿಲ್ಲ.